ಆಪರೇಶನ್ನಿಗೆ ಹೊರಡುವ ಮೊದಲು ಉಸಿರಾಟ ಕಲಿತಿರಿ

ಆಪರೇಶನ್ ಅಂದ ಕೂಡಲೇ ಹೆಗಲು ಬಿಗಿಯುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಬಿಗಿದ ಸ್ನಾಯು ಗಾಯವನ್ನು ಎಳೆಯುತ್ತದೆ. ನೋವು ಹೆಚ್ಚಿದಷ್ಟೂ ಭಯ, ಭಯಪಟ್ಟಷ್ಟೂ ಬಿಗಿತ. ಕುಂದಾಪುರ, ಕಾರ್ಕಳದಿಂದ ಮಣಿಪಾಲಕ್ಕೋ ಮಂಗಳೂರಿಗೋ ಹೊರಡುವವರು ಫೈಲು, ಫ್ಲಾಸ್ಕು, ಬೆಡ್‌ಶೀಟು ಎಲ್ಲ ಕಟ್ಟಿಕೊಳ್ಳುತ್ತಾರೆ, ಉಸಿರಾಡುವ, ಮೈ ಸಡಿಲಿಸುವ ರೀತಿಯೊಂದನ್ನು ಕಲಿತು ಬರುವುದಿಲ್ಲ. ಒಂದು ವಾರ ಮೊದಲೇ ಶುರು ಮಾಡಿ, ದಿನಕ್ಕೆ 2 ಸಲ, 10 ನಿಮಿಷ. ಥಿಯೇಟರಿನ ಬಾಗಿಲಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ.

ಮೊಣಕಾಲ ಕೆಳಗೆ ದಿಂಬಿಟ್ಟು ಮಲಗಿ. ಅಂಗೈ ಹೊಕ್ಕುಳ ಮೇಲಿರಲಿ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆಯಿರಿ. ಮೇಲೇಳಬೇಕಾದ್ದು ಕೈ, ಎದೆಯಲ್ಲ. ಬಿಸಿ ಗಂಜಿಯನ್ನು ಊದಿ ಆರಿಸುವ ಹಾಗೆ ತುಟಿ ಸಣ್ಣಗೆ ಮಾಡಿ, 6 ಎಣಿಸುತ್ತ ಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಜೋರಾಗಿ, ಬೇಗಬೇಗ ಎಳೆಯುತ್ತಾರೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಹಾಗಾದರೆ ನಿಲ್ಲಿಸಿ, ಮಾಮೂಲಿ ಉಸಿರಿಗೆ ಬನ್ನಿ.

ಆಮೇಲೆ ಸ್ನಾಯು. ಪಾದದ ಸ್ನಾಯುವನ್ನು 5 ಸೆಕೆಂಡ್ ಬಿಗಿ ಮಾಡಿ, 15 ಸೆಕೆಂಡ್ ಪೂರಾ ಸಡಿಲ ಬಿಡಿ. ಹಾಗೇ ಮೀನಖಂಡ, ತೊಡೆ, ಮುಷ್ಟಿ, ಹೆಗಲು, ದವಡೆ. ಆಪರೇಶನ್ ಆದ ಮೇಲೆ ಹೊಲಿಗೆಯ ಜಾಗವನ್ನು ಬಿಗಿಯಲೇಬೇಡಿ, ಸಡಿಲಿಸಿದರೆ ಸಾಕು.

ಹೊಟ್ಟೆಯ ಆಪರೇಶನ್ ಆದವರು ಕೆಮ್ಮಲು ಹೆದರುತ್ತಾರೆ, ಪಾಪ. ಆದರೆ ಕಫ ಒಳಗೇ ಉಳಿದರೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಪುಟ್ಟ ದಿಂಬನ್ನು ಗಾಯದ ಮೇಲೆ ಎರಡೂ ಕೈಯಿಂದ ಮೆತ್ತಗೆ ಒತ್ತಿಹಿಡಿದು ಕೆಮ್ಮಿ.

ಇದ್ಯಾವುದೂ ನೋವಿನ ಮದ್ದಿಗೆ ಬದಲಿಯಲ್ಲ. ನೋವು ಕೆರಳುವ ಮೊದಲೇ ಸಿಸ್ಟರಿಗೆ ಹೇಳಿ, ಹಲ್ಲು ಕಚ್ಚಿಕೊಂಡು ಮಲಗಬೇಡಿ.