ಕನ್ನಡ ಸಬ್‌ಟೈಟಲ್: ‘ಒಕಾಯೆರಿ’ ಅಂದರೆ ಸ್ವಾಗತ ಅಲ್ಲ

ಅಂತೂ ಸಿಕ್ಕಿತು! ಮೂರು ವಾರ ಒಂದೇ ಪದ ಹಿಡಿದು ಕೂತಿದ್ದೆ.

ಅಮ್ಮನಿಗೋಸ್ಕರ ‘ಒಕಾಯೆರಿ ಮೋನೆ’ಗೆ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅದು ಜಪಾನಿನ ಟಿವಿ ಸಂಸ್ಥೆ ಎನ್‌ಎಚ್‌ಕೆಯ 2021ರ ಬೆಳಗಿನ ಧಾರಾವಾಹಿ. 15 ನಿಮಿಷದ 120 ಸಂಚಿಕೆ, ಅದರಲ್ಲಿ 22 ಮುಗಿದಿವೆ. ಅದರ ಡಿವಿಡಿ ಮಾರಿದವರ ಮೇಲೆ ಇನ್ನೂ ಸಿಟ್ಟಿದೆ. ‘ಯಾವ ಪ್ಲೇಯರಿನಲ್ಲಾದರೂ ಓಡುತ್ತೆ’ ಅಂದಿದ್ದರು. ಡಿವಿಡಿಗೆ ಪ್ರದೇಶಕ್ಕೊಂದು ರೀಜನ್ ಸಂಖ್ಯೆ ಇರುತ್ತೆ, ಬೇರೆ ಸಂಖ್ಯೆಯದು ಇಲ್ಲಿನ ಪ್ಲೇಯರಿನಲ್ಲಿ ಓಡಲ್ಲ. ಬಂದದ್ದು ರೀಜನ್ 2, ನಮ್ಮ ದೇಶದ್ದು 5. ನಾಲ್ಕು ಮೇಲ್ ಹಾಕಿದರೂ ಉತ್ತರವಿಲ್ಲ, ಕೊನೆಗೆ ಬೇರೆ ಡ್ರೈವ್ ಕೊಳ್ಳಬೇಕಾಯಿತು.

ಈಗ ಆ ಪದಕ್ಕೆ ಬರೋಣ. ಮನೆಗೆ ಬಂದವರು ‘ತದಾಯಿಮಾ’ ಅನ್ನುತ್ತಾರೆ, ಒಳಗಿದ್ದವರು ‘ಒಕಾಯೆರಿ’ ಅನ್ನುತ್ತಾರೆ. ಹೊರಡುವಾಗ ಹೇಳುವ ‘ಇತ್ತೆಕಿಮಾಸು’ ಕಷ್ಟವೇ ಅಲ್ಲ, ಅದು ನಮ್ಮ ‘ಹೋಗಿ ಬರ್ತೀನಿ’, ಪದಕ್ಕೆ ಪದ! ಒಕಾಯೆರಿಗೆ ಇಂಗ್ಲಿಷ್ ನೋಡಿಕೊಂಡು ‘ಸ್ವಾಗತ’ ಅಂತ ಹಾಕಿದ್ದೆ. ಅಮ್ಮ ನೋಡಿದವಳೇ, ‘ಮನೆ ಮಗಳಿಗೆ ಯಾರಾದ್ರೂ ಸ್ವಾಗತ ಅಂತಾರೇನೋ?’ ಅಂದಳು. ನಿಜ ಅಲ್ವಾ? ಕಥೆಯ ನಾಯಕಿ ಮೋನೆ, ಜಪಾನಿನ ಕರಾವಳಿ ಊರು ಕೆಸೆನ್ನುಮಾದ ದ್ವೀಪದ ಹುಡುಗಿ. 2011ರ ಮಾರ್ಚ್ 11ರಂದು ಸುನಾಮಿ ಬಂದಾಗ ಅವಳು ಊರಲ್ಲಿರಲಿಲ್ಲ. ತನ್ನವರ ಜೊತೆ ಇರಲಿಲ್ಲವಲ್ಲ ಅನ್ನುವ ಕೊರಗು ಅವಳನ್ನು ಬಿಡುವುದೇ ಇಲ್ಲ. ಅವಳಿಗೆ ಆ ಮಾತು ಎಷ್ಟು ಬೇಕು! ಅಲ್ಲಿ ಮದುವೆಮನೆ ಬಾಗಿಲಿನ ಬೋರ್ಡಿನ ಪದ ಕೂರಿಸಿದರೆ ಎಲ್ಲ ಕೆಟ್ಟಿತು.

ಉತ್ತರ ದಿನಾ ಸಂಜೆ ನಾನು ಚಪ್ಪಲಿ ಬಿಡುವಾಗ ಕೇಳುವ ಮಾತಿನಲ್ಲೇ ಇತ್ತು. ‘ಬಂದ್ಯಾ?’ ಅಷ್ಟೇ.

ಆದರೆ ಆಗ ತದಾಯಿಮಾ ಕೈಕೊಟ್ಟಿತು. ನಮ್ಮಲ್ಲಿ ಒಳಗಿದ್ದವರು ಮೊದಲು ಕೇಳುತ್ತಾರೆ, ಅಲ್ಲಿ ಬಂದವರು ಮೊದಲು ಹೇಳುತ್ತಾರೆ. ಸುಮ್ನೆ ‘ಬಂದೆ’ ಅಂತ ಬರೆದರೆ ಯಾರೋ ಕರೆದದ್ದಕ್ಕೆ ಓಗೊಟ್ಟಂತೆ ಕೇಳುತ್ತದೆ. ಒಳಗೆ ಯಾರಿದ್ದಾರೋ ಅವರನ್ನು ಬಂದವಳು ಕೂಗುವಂತೆ ಬರೆದೆ ನೋಡಿ, ಸರಿಹೋಯಿತು: ‘ಅಮ್ಮಾ, ಬಂದೆ’, ‘ಅಜ್ಜಾ, ಬಂದೆ’. ಮುಂದೆ ಟೋಕಿಯೋದಲ್ಲಿ ಅವಳು ಇರುವುದು ಮೊದಲು ಸಾರ್ವಜನಿಕ ಸ್ನಾನದ ಮನೆಯಾಗಿದ್ದ ಕಟ್ಟಡದಲ್ಲಿ. ಅಲ್ಲಿ ಅಮ್ಮನೂ ಇಲ್ಲ, ಅಜ್ಜನೂ ಇಲ್ಲ. ಅಲ್ಲಿಗೆ ‘ನಾನೇ, ಬಂದೆ’ ಅಂತ ಇಟ್ಟುಕೊಂಡಿದ್ದೇನೆ. ಪೂರ್ತಿ ಒಪ್ಪಿಗೆಯಾಗಿಲ್ಲ. ನಿಮಗೆ ಹೊಳೆದರೆ ಹೇಳಿ.

ಧಾರಾವಾಹಿಯ ಹೆಸರು ‘ಬಂದ್ಯಾ ಮೋನೆ’ ಅಂತಲೇ ಇರಲಿ. ಮಲಯಾಳದಲ್ಲಿ ‘ಮೋನೇ’ ಅಂದರೆ ‘ಮಗನೇ’ ಅಂತ ಕಾಸರಗೋಡಿನ ಗೆಳೆಯ ಬಿದ್ದು ಬಿದ್ದು ನಕ್ಕ. ಅವಳ ಹೆಸರನ್ನು ನಾನು ಮುಟ್ಟಲಾರೆ.

ಇದರ ನಡುವೆ ತಲೆ ಆಗಲೇ ಜಪಾನಿನ ನಿರ್ದೇಶಕ ಕುರೊಸಾವಾ ಅವರ ಸಿನಿಮಾ ಕಡೆ ಓಡುತ್ತಿದೆ. 1954ರ ‘ಸೆವೆನ್ ಸಮುರಾಯ್’, 207 ನಿಮಿಷ. ಸಮುರಾಯ್ ಯೋಧರಿಗೆ ಕಂಪನಿ ನಾಟಕದ ಗತ್ತಿನ ಕನ್ನಡ, ರೈತರಿಗೆ ಮಂಡ್ಯದ ಕಡೆಯ ಮಾತು. ನಟ ಮಿಫುನೆ ಮಾಡಿದ ಪಾತ್ರ ಕಿಕುಚಿಯೊ, ಸಮುರಾಯ್ ಅಂತ ಹೇಳಿಕೊಂಡು ತಿರುಗುವ ರೈತನ ಮಗ. ಹಾಗಾದರೆ ಅವನಿಗೆ ಎರಡೂ ಬೇಕು. ಕೋಪ ಬಂದಾಗ ಗತ್ತು ಕಳಚಿ ಹೊಲದ ಮಾತು ಹೊರಗೆ ಬರಬೇಕು. ಆ ದೃಶ್ಯವೊಂದನ್ನು ಈಗಲೇ ಬರೆದು ನೋಡಿದೆ, ಮೈ ಜುಮ್ಮೆಂದಿತು.

ಅದು ಆಮೇಲೆ. ಇವತ್ತು ರಾತ್ರಿ ಮೊದಲ ಸಂಚಿಕೆಯಿಂದ ಕೂತು ಒಂದೊಂದೇ ‘ಸ್ವಾಗತ’ ಅಳಿಸಬೇಕು.