ಕೊಥ್ರೂಡಿನ ಫ್ಲಾಟು, ಬೆಂಗಳೂರಿನ ಚೆಕ್‌ಲಿಸ್ಟು

ಜರ್ಮನಿಯಿಂದ ಚಾಕಣದ ಕಾರ್ಖಾನೆಗೆ ಬರುವ ಎಂಜಿನಿಯರ್‌ಗಳ ಫೈಲು ಕೆಟ್ಟರೆ ಬಾಡಿಗೆ ಮನೆಯಲ್ಲೇ ಕೆಡುತ್ತದೆ. ಎಂಪ್ಲಾಯ್‌ಮೆಂಟ್ ವೀಸಾ ಹೇಗೋ ಆಗುತ್ತದೆ. ವರ್ಷದ ಸಂಬಳ 16.25 ಲಕ್ಷದ ಗೆರೆ ದಾಟಿದೆಯೇ, ಹುದ್ದೆಯ ಹೆಸರು ಕಾಂಟ್ರ್ಯಾಕ್ಟ್‌ನಲ್ಲೂ ಕಂಪನಿ ಪತ್ರದಲ್ಲೂ ಒಂದೇ ಇದೆಯೇ ಎಂದು ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ನಿಜವಾದ ಓಟ ಶುರುವಾಗುವುದು ವಿಮಾನ ಇಳಿದ ಮೇಲೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದವರು 14 ದಿನದೊಳಗೆ, ವಿದೇಶಿಯರ ನೋಂದಣಿಗೆಂದೇ ಇರುವ ಸರ್ಕಾರದ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ವಿಳಾಸದ ಪುರಾವೆ ಬೇಕು, ಅದೇ ವಿಳಾಸದ ಫಾರ್ಮ್ ಸಿ, ಅಂದರೆ ವಿದೇಶಿಯನ್ನು ಇಳಿಸಿಕೊಂಡವರು ಸರ್ಕಾರಕ್ಕೆ ಕೊಡುವ ಮಾಹಿತಿ, ಬೇಕು.

ಇಂಥವರ ಕಾಗದಪತ್ರ ನೋಡುವ ನಮ್ಮ ಪುಣೆ ಡೆಸ್ಕಿಗೆ ಚೆಕ್‌ಲಿಸ್ಟ್ ಬರುವುದು ಬೆಂಗಳೂರಿನ ಹೆಡ್ ಆಫೀಸಿನಿಂದ. ಅದರಲ್ಲಿ ವಿಳಾಸದ ಪುರಾವೆ ಎಂಬಲ್ಲಿ ‘ನೋಟರಿ ಮಾಡಿಸಿದ 11 ತಿಂಗಳ ಬಾಡಿಗೆ ಕರಾರು’ ಎಂದಿದೆ. ಬರೆದವರ ಲೆಕ್ಕ ಅವರ ಊರಿಗೆ ಸರಿ. ಒಂದು ವರ್ಷ ಮೀರದ ಬಾಡಿಗೆ ಕರಾರನ್ನು ಅಲ್ಲಿ ನೋಂದಾಯಿಸಲೇಬೇಕೆಂದಿಲ್ಲ. ಮಹಾರಾಷ್ಟ್ರದಲ್ಲಿ ಆ ರಿಯಾಯಿತಿ ಇಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ (ಇಲ್ಲಿ ರೂಢಿಯಲ್ಲಿರುವ ಬಾಡಿಗೆ ಕರಾರು) ಎಷ್ಟೇ ತಿಂಗಳಿಗಿದ್ದರೂ ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಆಗದಿದ್ದರೆ ಹೊಣೆ ಮಾಲೀಕರದು: ಮೂರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪುಣೆಯ ಕೊಥ್ರೂಡಿನ ಒಂದು ಫ್ಲಾಟಿಗೆ ಆ ಚೆಕ್‌ಲಿಸ್ಟಿನಂತೆಯೇ ನೋಟರಿ ಕರಾರು ಮಾಡಿಸಿ, ಜರ್ಮನ್ ಎಂಜಿನಿಯರ್ ದಂಪತಿಯನ್ನು ಬಾಣೇರಿನ ಹೋಟೆಲ್ಲಿನಿಂದ ಹತ್ತನೆಯ ದಿನ ಅಲ್ಲಿಗೆ ಸಾಗಿಸಲಾಗಿತ್ತು. ಮನೆ ಸಿಕ್ಕಿತಲ್ಲ, ಇನ್ನೇನು ಎಂಬ ನಿರಾಳದಲ್ಲಿ ಎರಡು ದಿನ ಫೈಲನ್ನು ಯಾರೂ ಮುಟ್ಟಲಿಲ್ಲ. ಈ ಧಂದೆಯಲ್ಲಿ ದುಬಾರಿಯಾಗುವುದು ಇಂಥ ನಿರಾಳವೇ.

ಕರಾರಿನ ನೋಂದಣಿಗೆ ಖರ್ಚು ಹೆಚ್ಚಿಲ್ಲ. ತಿಂಗಳಿಗೆ 60,000 ಬಾಡಿಗೆ, 2 ಲಕ್ಷ ಡಿಪಾಸಿಟ್, 11 ತಿಂಗಳು ಎಂದಿಟ್ಟುಕೊಳ್ಳಿ. ಬಾಡಿಗೆ 6,60,000. ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ 10% ಬಡ್ಡಿ ಹಿಡಿದರೆ 11 ತಿಂಗಳಿಗೆ 18,333. ಎರಡೂ ಕೂಡಿದ ಮೊತ್ತದ ಮೇಲೆ 0.25% ಮುದ್ರಾಂಕ, ಅಂದರೆ ಸುಮಾರು 1,700 ರೂಪಾಯಿ. ಮೇಲೆ ಮಹಾನಗರಪಾಲಿಕೆ ಹದ್ದಿನಲ್ಲಿ ನೋಂದಣಿ ಶುಲ್ಕ 1,000. ಏಜೆಂಟನ ದಕ್ಷಿಣೆ ಬೇರೆ.

ತೊಡಕು ಹಣದ್ದಲ್ಲ, ಹೆಬ್ಬೆಟ್ಟಿನದು. ಏಜೆಂಟ್ ಮನೆಗೇ ಯಂತ್ರ ತಂದು ಮಾಡುವ ಆನ್‌ಲೈನ್ ನೋಂದಣಿ ಆಧಾರ್ ಮೇಲೆ ನಡೆಯುತ್ತದೆ. ಮೊನ್ನೆ ಬಂದಿಳಿದ ಜರ್ಮನ್ ಹತ್ತಿರ ಆಧಾರ್ ಎಲ್ಲಿಂದ ಬರಬೇಕು? ದಾರಿ ಎರಡು. ಪಾಸ್‌ಪೋರ್ಟ್ ಹಿಡಿದು ಮಾಲೀಕರೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಒಂದು. ಕರಾರನ್ನು ಕಂಪನಿಯ ಹೆಸರಿನಲ್ಲೇ ಮಾಡಿ, ಆಧಾರ್ ಇರುವ ಅಧಿಕೃತ ಸಹಿದಾರರಿಂದ ಹೆಬ್ಬೆಟ್ಟು ಒತ್ತಿಸುವುದು ಇನ್ನೊಂದು. ಎರಡನೆಯದಕ್ಕೆ ಬೋರ್ಡ್ ರೆಸಲ್ಯೂಶನ್ ಬೇಕು. ವಾಸಿಸುವವರ ಹೆಸರುಗಳೂ ಕರಾರಿನೊಳಗೆ ಬರಬೇಕು, ಹೆಂಡತಿಯದೂ ಸೇರಿ. ಆಕೆಯ ಅಡ್ಡಹೆಸರು ಗಂಡನದಕ್ಕಿಂತ ಬೇರೆಯಿದ್ದರಂತೂ ಮರೆಯುವ ಹಾಗೇ ಇಲ್ಲ, ಏಕೆಂದರೆ ಪೋರ್ಟಲ್ಲಿನಲ್ಲಿ ಆಕೆಯ ನೋಂದಣಿಗೂ ಅದೇ ಕಾಗದ ಹೋಗುತ್ತದೆ.

ಇನ್ನು ಫಾರ್ಮ್ ಸಿ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದರೂ ಎಲ್ಲರ ಬಾಯಲ್ಲಿ ಅದು ಫಾರ್ಮ್ ಸಿಯೇ. ವಿದೇಶಿ ತಮ್ಮಲ್ಲಿಗೆ ಬಂದ 24 ಗಂಟೆಯೊಳಗೆ ಇಳಿಸಿಕೊಂಡವರು ತುಂಬಬೇಕು. ಹೋಟೆಲ್ಲಿನವರಿಗೆ ಇದು ಕಣ್ಣುಮುಚ್ಚಿ ಮಾಡುವ ಕೆಲಸ. ಮನೆ ಮಾಲೀಕರಿಗೆ ಹಾಗಲ್ಲ. ಕೊಥ್ರೂಡಿನ ಮಾಲೀಕರು ಧಾರವಾಡದ ಕಡೆಯವರು, ನಿವೃತ್ತರು. ನಮ್ಮ ಹುಡುಗನಿಗೂ ಅವರಿಗೂ ನಡೆದ ಮಾತು ಹೀಗಿತ್ತು:

“ತಮ್ಮಾ, ನಾ ಏನ್ ಲಾಡ್ಜ್ ನಡಸ್ತೇನೇನು? ಆ ಫಾರ್ಮು ಹೋಟೆಲ್‌ನವ್ರಿಗೆ.”

“ಇಲ್ರೀ ಕಾಕಾ, ಮನಿ ಮಾಲಕ್ರೂ ತುಂಬಬೇಕ್ರಿ.”

“ತುಂಬಿದ್ರ ಪೊಲೀಸ್ರು ಮನಿಗೆ ಬರ್ತಾರೇನು?”

“ತುಂಬಲಿಲ್ಲಂದ್ರ ಬರ್ತಾರ್ರೀ.”

ಕಾಕಾ ಒಪ್ಪಿದರು. ಆದರೆ ಫಾರ್ಮ್ ಸಿ ತುಂಬಲು ಮಾಲೀಕರು ಮೊದಲು ಪೋರ್ಟಲ್‌ನಲ್ಲಿ ತಮ್ಮ ಹೆಸರಿಗೆ ಲಾಗಿನ್ ಪಡೆಯಬೇಕು, ಅದಕ್ಕೆ ವಿದೇಶಿಯರ ನೋಂದಣಿ ನೋಡುವ ಸ್ಥಳೀಯ ಅಧಿಕಾರಿಯ, ಅಂದರೆ ಎಫ್‌ಆರ್‌ಒ ಮಂಜೂರಿ ಬೇಕು. ಮನೆ ನೋಡಿದ ದಿನವೇ ಅರ್ಜಿ ಹಾಕಿಸಿದ್ದರೆ ಸಾಕಿತ್ತು. ಹಾಕಿಸಿದ್ದು ಹದಿಮೂರನೆಯ ದಿನ.

ಹದಿನಾಲ್ಕನೆಯ ದಿನ ಸಂಜೆ ಲಾಗಿನ್ ಮಂಜೂರಾದ ಸಂದೇಶ ಬಂತು. ಕಾಕಾ ಕೊಟ್ಟಿದ್ದ ಮೊಬೈಲ್ ನಂಬರ್ ಮಗನದು. ಮಗ ಮುಂಬೈಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಖಂಡಾಳ ಘಾಟಿನಲ್ಲಿದ್ದ. ಒಟಿಪಿ ಹೋಗುವುದು, ಫೋನ್ ಸುರಂಗದೊಳಗೆ ಸತ್ತುಹೋಗುವುದು, ಇಲ್ಲಿ ಅವಧಿ ಮುಗಿಯುವುದು. ಮತ್ತೆ ಕಳಿಸಿದರೆ ಕ್ಯಾಪ್ಚಾ ತಪ್ಪು. ಇನ್ನೊಮ್ಮೆ ಕಳಿಸಿದರೆ ಸೆಷನ್ ಎಕ್ಸ್‌ಪೈರ್. ಕಾಕೂ ಎಲ್ಲರಿಗೂ ಎರಡನೆಯ ಸಲ ಚಹಾ ಕೊಟ್ಟರು, ಯಾರೂ ಕುಡಿಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಎಂಜಿನಿಯರ್ ತನ್ನ ಕ್ಯಾಲೆಂಡರ್ ತೆರೆದು, ಇಳಿದ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಬಿಡುತ್ತಾರೋ ಎಂದು ಕೇಳುತ್ತಿದ್ದ. ಹಿಡಿಯುತ್ತಾರೆ ಎಂದೇ ತಿಳಿದು ನಡೆಯುವುದು ಕ್ಷೇಮ.

ದಾರಿ ತೋರಿಸಿದ್ದು ಬಾಣೇರಿನ ಹೋಟೆಲ್. ಅದೇ ರಾತ್ರಿ ದಂಪತಿಯನ್ನು ಪುನಃ ಅಲ್ಲಿಗೆ ಕರೆದೊಯ್ದು ರೂಮು ಹಿಡಿಸಲಾಯಿತು. ಫ್ರಂಟ್ ಆಫೀಸಿನ ಹುಡುಗಿ ಕೂತಲ್ಲೇ ಇಬ್ಬರ ಫಾರ್ಮ್ ಸಿ ತುಂಬಿದಳು. ಅದು, ಹೋಟೆಲ್ ವಿಳಾಸ ಬರೆದ ಕಂಪನಿ ಪತ್ರ, ಇಮಿಗ್ರೇಷನ್ ಮುದ್ರೆಯ ಪುಟ, ಇಷ್ಟು ಸೇರಿಸಿ ಮಧ್ಯರಾತ್ರಿಯ ಮುಂಚೆ ಇಬ್ಬರ ನೋಂದಣಿ ಅರ್ಜಿಯೂ ಒಳಗೆ ಹೋದವು. ಫ್ಲಾಟಿಗೆ ಮರಳಿದ ಮೇಲೆ ಅಲ್ಲಿಂದ ಹೊಸ ಫಾರ್ಮ್ ಸಿ, ಕರಾರು ನೋಂದಣಿಯಾದ ಮೇಲೆ ವಿಳಾಸ ಬದಲಾವಣೆ. ಈಗ ಎಲ್ಲ ಫೈಲಿಗೂ ಇದೇ ಕ್ರಮ: ಮೊದಲ ವಾರ ಹೋಟೆಲ್ ಅಥವಾ ಸರ್ವಿಸ್ ಅಪಾರ್ಟ್‌ಮೆಂಟ್ ವಿಳಾಸದ ಮೇಲೆ ನೋಂದಣಿ, ಮನೆ ಆಮೇಲೆ.

ಅಷ್ಟಾದರೂ ಅರ್ಜಿಯ ಮೇಲೆ ಒಂದು ಕ್ವೆರಿ ಬಿತ್ತು. ಜರ್ಮನ್ ಪಾಸ್‌ಪೋರ್ಟಿನ ಮೇಲ್ಭಾಗದಲ್ಲಿ ಅಡ್ಡಹೆಸರಿನ ‘ಯು’ ಅಕ್ಷರಕ್ಕೆ ತಲೆ ಮೇಲೆ ಎರಡು ಚುಕ್ಕಿ. ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಅದೇ ಅಕ್ಷರ ‘ಯು’, ‘ಇ’ ಎಂದು ಎರಡಾಗಿರುತ್ತದೆ. ವೀಸಾದಲ್ಲಿ ಎರಡು ಅಕ್ಷರ, ಹೋಟೆಲ್ ತುಂಬಿದ್ದರಲ್ಲಿ ಬರೀ ‘ಯು’. ವೀಸಾ ಸ್ಟಿಕ್ಕರನ್ನು ಮುಂದಿಟ್ಟುಕೊಂಡು ಅದರಂತೆಯೇ ಫಾರ್ಮ್ ಸಿ, ಕರಾರು, ಕಂಪನಿ ಪತ್ರ ಮೂರರಲ್ಲೂ ಟೈಪ್ ಮಾಡಿಸಿ.

ಪಿಎಫ್ ಮಂದಿಗೂ ಒಂದು ಮಾತು. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಜರ್ಮನ್ ಕಂಪನಿ ನಿಯೋಜನೆಯ ಮೇಲೆ ಕಳಿಸಿದವರಾದರೆ ಅಲ್ಲಿಂದ ಸರ್ಟಿಫಿಕೇಟ್ ಆಫ್ ಕವರೇಜ್, ಅಂದರೆ ಅಲ್ಲಿನ ಸಾಮಾಜಿಕ ಭದ್ರತೆಯಲ್ಲೇ ಇದ್ದಾರೆ ಎಂಬ ಪ್ರಮಾಣಪತ್ರ, ತರಿಸಿಕೊಳ್ಳಿ. ಇಲ್ಲವಾದರೆ 15,000 ರೂಪಾಯಿ ಸಂಬಳದ ಮಿತಿಯ ಮಾತಿಲ್ಲದೆ ಪೂರ್ತಿ ಸಂಬಳದ ಮೇಲೆ ಪಿಎಫ್ ಕಡಿತ ಎಂದು ನೋಟಿಸ್ ಬರುತ್ತದೆ.

ಕರಾರು ಕೊನೆಗೆ ಕಂಪನಿ ಹೆಸರಿನಲ್ಲೇ ಆಯಿತು. ಈಗ ಅಕೌಂಟ್ಸ್‌ನವರ ತಕರಾರು: ಜಿಎಸ್‌ಟಿ ನೋಂದಣಿ ಇರುವ ಕಂಪನಿ ವಾಸದ ಮನೆ ಬಾಡಿಗೆಗೆ ಹಿಡಿದರೆ 2022ರ ಜುಲೈ 18ರಿಂದ ರಿವರ್ಸ್ ಚಾರ್ಜ್‌ನಲ್ಲಿ 18% ತೆರಿಗೆಯನ್ನು ಮಾಲೀಕರ ಬದಲು ತಾನೇ ಕಟ್ಟಬೇಕು. ತಿಂಗಳಿಗೆ 10,800. ಅದನ್ನು ಎಚ್‌ಆರ್ ಬಜೆಟ್ಟಿಗೆ ಹಾಕುವುದೋ ಪ್ರಾಜೆಕ್ಟಿಗೋ ಎಂಬ ಮೇಲ್ ಸರಪಳಿ ಇನ್ನೂ ಓಡುತ್ತಿದೆ, ಬೆಂಗಳೂರಿನವರನ್ನೂ ಸಿಸಿಯಲ್ಲಿಟ್ಟು.