ಸಿಸ್ಟರ್, ನಿಮ್ಮ ಸಂಬಳ ಏನ್ ಮಾಡ್ತೀರ?

ನಾನೊಬ್ಬ ಕ್ಯಾಥೊಲಿಕ್ ಸನ್ಯಾಸಿನಿ, ಜನ ಸಿಸ್ಟರ್ ಅಂತಾರೆ. ಆಟೋದವರು ಕೇಳ್ತಾರೆ, ಮದುವೆ ಮನೆಲಿ ಪಕ್ಕ ಊಟಕ್ಕೆ ಕೂತವರು ಕೇಳ್ತಾರೆ, ಎಂಟನೇ ಕ್ಲಾಸ್ ಹುಡುಗರಂತೂ ಸುತ್ತಿ ಬಳಸದೆ ನೇರವಾಗೇ ಕೇಳ್ತಿದ್ರು. "ಸಿಸ್ಟರ್, ನಿಮಗೆ ಗಂಡ ಮಕ್ಕಳು ಯಾರೂ ಇಲ್ಲ, ಸಂಬಳ ಏನ್ ಮಾಡ್ತೀರ?" ಅದರ ಹಿಂದೇನೇ ಇನ್ನೊಂದು, "ಎಲ್ಲಾ ರೋಮ್‌ಗೆ ಹೋಗುತ್ತಂತೆ, ಹೌದಾ?" ಎಷ್ಟು ಸಲ ಬಾಯಲ್ಲಿ ಹೇಳೋದು, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅಂತ.

ರೋಮ್‌ಗೆ ಹೋಗಲ್ಲ. ನಾನು ಬೆಂಗಳೂರಲ್ಲೇ ಒಂದು ಅನುದಾನಿತ ಕನ್ನಡ ಮೀಡಿಯಂ ಶಾಲೇಲಿ ಕನ್ನಡ ಟೀಚರ್ ಆಗಿದ್ದೆ, ಅರವತ್ತಕ್ಕೆ ರಿಟೈರ್ ಆದ್ಮೇಲೆ ಕೆಂಗೇರಿ ಕಡೆ ಒಂದು ಧರ್ಮಕೇಂದ್ರಕ್ಕೆ (ಒಂದು ಚರ್ಚು, ಅದಕ್ಕೆ ಸೇರಿದ ಮನೆಗಳು, ಪ್ಯಾರಿಷ್ ಅಂತಾರಲ್ಲ) ಕಳಿಸಿದ್ರು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ ಅಂದ್ರೆ ಧರ್ಮದ ಪಾಠ, ವಾರದಲ್ಲಿ ಮನೆ ಭೇಟಿ, ಹಾಸಿಗೆ ಬಿಟ್ಟು ಏಳಕ್ಕಾಗದವರಿಗೆ ಪರಮಪ್ರಸಾದ (ಪೂಜೇಲಿ ಕೊಡೋ ರೊಟ್ಟಿ) ತಗೊಂಡು ಹೋಗೋದು, ಇದು ಈಗಿನ ಕೆಲಸ. ಸಂಬಳ ಇದ್ದಾಗ ಅದು ನನ್ನ ಹೆಸರಿನ ಅಕೌಂಟ್‌ಗೇ ಬೀಳ್ತಿತ್ತು, ಬಿದ್ದ ಎರಡು ಮೂರು ದಿನಕ್ಕೆ ಅಷ್ಟೂ ನಮ್ಮ ಕಾನ್ವೆಂಟ್ ಅಕೌಂಟ್‌ಗೆ. ಈಗ ಪೆನ್ಷನ್ನೂ ಹಂಗೇ. ಪ್ರತಿ ನವೆಂಬರ್‌ನಲ್ಲಿ ನಾನಿನ್ನೂ ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡೋಳು ನಾನು, ದುಡ್ಡು ನೋಡೋಳು ಲೆಕ್ಕದ ಸಿಸ್ಟರ್.

ಇದು ನಮ್ಮ ಮನೆ ರೂಲ್ಸ್ ಅಲ್ಲ, 1983ರ ಚರ್ಚ್ ಕಾನೂನಲ್ಲೇ ಇದೆ, ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತಗೊಂಡವರು ದುಡಿದದ್ದು ಅವರ ಸಂಸ್ಥೆಗೆ ಸೇರುತ್ತೆ, ಪೆನ್ಷನ್, ಇನ್ಶೂರೆನ್ಸ್ ಕೂಡ. ಹಳೇ ಕಾಲದ ಒಟ್ಟು ಕುಟುಂಬದಲ್ಲಿ ನಡೀತಿತ್ತಲ್ಲ, ಆ ಥರ ಅಂದ್ಕೊಳ್ಳಿ. ಒಂದು ಮನೇಲಿ ಸಂಬಳ ಬರೋ ಸಿಸ್ಟರ್ ಇಬ್ಬರಿದ್ರೆ ಬರದೇ ಇರೋರು ನಾಲ್ಕು ಜನ ಇರ್ತಾರೆ, ಹಳ್ಳಿ ಡಿಸ್ಪೆನ್ಸರಿಲಿ ಇರೋರು, ಪ್ಯಾರಿಷ್ ಕೆಲಸದೋರು, ಇನ್ನೂ ಬಿಎಡ್ ಓದ್ತಿರೋ ಹುಡುಗೀರು, ಡಯಾಲಿಸಿಸ್‌ಗೆ ಹೋಗೋ ವಯಸ್ಸಾದವರು. ಅವರೆಲ್ಲರ ಊಟ ಔಷಧಿ ಫೀಸು ಅದರಲ್ಲೇ. ಹಾಂ, ಇನ್ನೊಂದು, ಫಾದರ್‌ಗಳೂ ಇದೇ ಥರ ಅಂತ ಜನ ತಿಳ್ಕೊಂಡಿದಾರೆ. ಧರ್ಮಪ್ರಾಂತ್ಯದ, ಅಂದ್ರೆ ಒಬ್ಬ ಬಿಷಪ್ಪರ ಕೈಕೆಳಗಿನ ಫಾದರ್‌ಗಳು ಬಡತನದ ವ್ರತ ತಗೊಳ್ಳೋದೇ ಇಲ್ಲ, ಬ್ರಹ್ಮಚರ್ಯ ಮತ್ತೆ ಬಿಷಪ್ಪರಿಗೆ ವಿಧೇಯತೆ ಅಷ್ಟೆ. ಹಂಗಾಗಿ ಅವರ ಕಾರು ನೋಡಿ ನಮ್ಮ ಲೆಕ್ಕ ಹಾಕ್ಬೇಡಿ.

ಟ್ಯಾಕ್ಸ್ ಕಟ್ತೀರಾ ಅಂತಾನೂ ಕೇಳ್ತಾರೆ, ಅದರಲ್ಲೂ ಪೇಪರ್‌ನಲ್ಲಿ ಬಂದ ಮೇಲೆ. 1944ರ ಒಂದು ಸುತ್ತೋಲೆ ಹಿಡ್ಕೊಂಡು ಬಹಳ ವರ್ಷ ಸಿಸ್ಟರ್, ಫಾದರ್‌ಗಳ ಸಂಬಳದಲ್ಲಿ ಟ್ಯಾಕ್ಸ್ ಹಿಡೀತಿರ್ಲಿಲ್ಲ. ಆಮೇಲೆ ಇಲಾಖೆಯವರು ಹಿಡೀಬೇಕು ಅಂದ್ರು, ತಮಿಳುನಾಡು ಕೇರಳದ ಸಂಸ್ಥೆಗಳು ಕೋರ್ಟಿಗೆ ಹೋದ್ವು, 2019ರಲ್ಲಿ ಮದ್ರಾಸ್ ಹೈಕೋರ್ಟ್ ಟಿಡಿಎಸ್ ಕಟ್ ಮಾಡಿ ಅಂತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಅದೇ ನಿಂತಿತು. ವ್ರತ ತಗೊಂಡವರು ಲೌಕಿಕ ಲೆಕ್ಕದಲ್ಲಿ ಸತ್ತಂಗೆ, ಸಂಬಳ ಅವರದ್ದಲ್ಲ ಅನ್ನೋದು ನಮ್ಮ ಕಡೆ ವಾದ. ಸಂಬಳ ಟೀಚರಿಗೆ ಬಂತು, ಬಂದ ಮೇಲೆ ಯಾರಿಗಾದ್ರೂ ಕೊಟ್ಕೊಳ್ಳಿ ಅನ್ನೋದು ಕೋರ್ಟ್ ಮಾತು. ನನ್ನ ಕೇಳಿದ್ರೆ ಕೋರ್ಟ್ ಹೇಳಿದ್ದೇ ಸರಿ. ಪಕ್ಕದ ಕ್ಲಾಸಿನ ಮೇಷ್ಟ್ರು ಮೂರು ಮಕ್ಕಳನ್ನ ಸಾಕ್ಕೊಂಡು ಟ್ಯಾಕ್ಸ್ ಕಟ್ತಾರೆ, ನಾನ್ಯಾಕೆ ಕಟ್ಟಬಾರದು? ನಮ್ಮಲ್ಲಿ ಕೆಲವರಿಗೆ ಈ ಮಾತು ಹಿಡಿಸಲ್ಲ.

ಇಷ್ಟೂ ಕೊಡೋ ಸಮಾಚಾರ. ಕೊಡೋದು ನಿಜಕ್ಕೂ ಕಷ್ಟ ಅಲ್ಲ, ಕಣ್ಣಿಗೆ ಕಾಣದ ದುಡ್ಡು ಹೋದ್ರೆ ಏನೂ ಅನ್ಸಲ್ಲ. ಕಷ್ಟ ಕೇಳೋದರಲ್ಲಿದೆ. ಚಪ್ಪಲಿ ಕಿತ್ತೋದ್ರೆ ಕೇಳ್ಬೇಕು, ಕನ್ನಡಕದ ನಂಬರ್ ಬದಲಾದ್ರೆ ಕೇಳ್ಬೇಕು. ಐವತ್ತು ದಾಟಿದ ಹೆಂಗಸು, ಎಸ್ಎಸ್ಎಲ್‌ಸಿ ಪೇಪರ್ ತಿದ್ದಿ ಬಂದೋಳು, ತನಗಿಂತ ಹದಿನೈದು ವರ್ಷ ಚಿಕ್ಕವಳಾದ ಸುಪೀರಿಯರ್ (ಕಾನ್ವೆಂಟಿನ ಮುಖ್ಯಸ್ಥೆ) ಮುಂದೆ ನಿಂತು, "ಸಿಸ್ಟರ್, ಓದಕ್ಕೂ ದೂರ ನೋಡಕ್ಕೂ ಒಂದೇ ಗ್ಲಾಸ್ ಹಾಕಿಸ್ಲಾ, ಸ್ವಲ್ಪ ರೇಟ್ ಜಾಸ್ತಿ ಆಗುತ್ತೆ" ಅನ್ನಬೇಕು. ಅವರು ಒಳ್ಳೆಯವರಾಗಿದ್ರೆ ಹಾಕಿಸಿ ಅಂತಾರೆ. ಕೆಲವರು ಒಂದು ನಿಮಿಷ ಸುಮ್ನಿರ್ತಾರೆ, ಆ ಒಂದು ನಿಮಿಷ ಇದೆಯಲ್ಲ, ವ್ರತ ಅಂದ್ರೆ ಅದೇ.

ಕೈಖರ್ಚಿಗೆ ತಗೊಂಡಿದ್ದಕ್ಕೆ ತಿಂಗಳ ಕೊನೇಲಿ ಲೆಕ್ಕ ಬರೆದು ಕೊಡ್ತೀವಿ. ನನ್ನ ಪುಸ್ತಕದಲ್ಲಿ ಉದ್ದಕ್ಕೂ ಕೆಂಗೇರಿ–ಮಾರ್ಕೆಟ್, ಮಾರ್ಕೆಟ್–ಶಿವಾಜಿನಗರ ಅಂತ ಬಸ್ ಚಾರ್ಜೇ ಇರ್ತಿತ್ತು, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದೇ ಆ ಕಾಲಂ ಖಾಲಿ. ಈಗ ಬರೀ ಆಟೋ, ಜೆರಾಕ್ಸ್, ಜ್ಞಾನೋಪದೇಶದ ಮಕ್ಕಳಿಗೆ ಚಾಕಲೇಟ್. ನಮ್ಮ ಜೊತೆ ಇರೋ ಜಾರ್ಖಂಡ್ ಸಿಸ್ಟರ್ ಆಧಾರ್ ಇನ್ನೂ ಊರಿಂದೇ, ಅವರು ಮಾತ್ರ ಟಿಕೆಟ್ ತಗೋಬೇಕು. ಒಂದೇ ಸೀಟಲ್ಲಿ ಒಂದೇ ಥರ ಸೀರೆ ಉಟ್ಟು ಕೂತಿರ್ತೀವಿ, ಕಂಡಕ್ಟರ್ ಒಬ್ಬರಿಗೆ ಫ್ರೀ ಟಿಕೆಟ್ ಹರಿದು ಇನ್ನೊಬ್ಬರಿಗೆ ಕೈ ಚಾಚ್ತಾರೆ.

ಕೇಳೋದರಲ್ಲಿ ನಮಗಿಂತ ಗಟ್ಟಿಗರು ಹೊಸೂರು ರೋಡಿನಲ್ಲಿ ವೃದ್ಧಾಶ್ರಮ ನಡೆಸೋ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್. 1839ರಲ್ಲಿ ಫ್ರಾನ್ಸ್‌ನಲ್ಲಿ ಜಾನ್ ಜುಗಾನ್ ಅನ್ನೋ ಹೆಂಗಸು ಒಬ್ಬ ಕುರುಡಿ ಮುದುಕಿಯನ್ನ ತನ್ನ ಮನೆಗೆ ತಂದು ತನ್ನ ಹಾಸಿಗೆ ಬಿಟ್ಟುಕೊಟ್ಟು ಶುರುವಾದ ಸಿಸ್ಟರ್‌ಗಳ ಸಂಘ ಅದು, ನಾವು ಸಭೆ ಅಂತೀವಿ, ಆಕೆ ಬುಟ್ಟಿ ಹಿಡ್ಕೊಂಡು ಮನೆ ಮನೆ ತಿರುಗಿ ಬೇಡಿ ತಂದು ಮುದುಕರನ್ನ ಸಾಕಿದೋಳು, 2009ರಲ್ಲಿ ಸಂತಳು ಅಂತ ಸಾರಿದ್ರು. ಇವತ್ತಿಗೂ ಆ ಸಿಸ್ಟರ್‌ಗಳು ಬೇಡಿ ತಂದೇ ನಡೆಸೋದು. ನನಗೆ ಒಂದು ಕನ್ನಡಕ ಕೇಳಕ್ಕೆ ಮುಖ ಕೆಂಪಾಗುತ್ತೆ.

ಆದ್ರೂ ನಮ್ಮದನ್ನ ಬಡತನ ಅಂತ ಹೊರಗಡೆ ಹೇಳ್ಕೊಳ್ಳೋಕೆ ನನಗೆ ಸಂಕೋಚ. ಮನೆ ಭೇಟಿಗೆ ಹೋಗೋ ದಾರೀಲಿ ಅಪಾರ್ಟ್‌ಮೆಂಟ್ ಕಟ್ಟೋ ಕಡೆ ಯಾದಗಿರಿ, ರಾಯಚೂರಿಂದ ಬಂದವರ ತಗಡಿನ ಶೆಡ್‌ಗಳಿವೆ, ಅಂಥ ಮನೆ ಮಕ್ಕಳೇ ನನ್ನ ಕ್ಲಾಸಲ್ಲಿ ಇದ್ದದ್ದು. ಆ ತಾಯಂದಿರಿಗೆ ನಾಳೆ ಕೂಲಿ ಸಿಗುತ್ತೋ ಇಲ್ವೋ ಗೊತ್ತಿಲ್ಲ. ನನ್ನ ಕೈಲಿ ದುಡ್ಡಿಲ್ಲ ನಿಜ, ಆದ್ರೆ ಮುದುಕಿ ಆದ್ಮೇಲೆ ಯಾರು ನೋಡ್ಕೋತಾರೆ ಅಂತ ಒಂದು ದಿನಾನೂ ನಿದ್ದೆ ಕೆಟ್ಟಿಲ್ಲ.

ಸಂಬಳದ ಈ ಪ್ರಶ್ನೆ ಎಲ್ಲರಿಗಿಂತ ಖಾರವಾಗಿ ಕೇಳಿದ್ದು ನಮ್ಮವ್ವ. ನಮ್ಮದು ಕನಕಪುರದ ಕಡೆ ಹಳ್ಳಿ, ರೇಷ್ಮೆ ಮನೆತನ. ಅವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ತಮ್ಮ ಫೋನ್ ಮಾಡಿ ಆಪರೇಷನ್‌ಗೆ ಎಷ್ಟಾಗುತ್ತೆ ಅಂತ ಮಾತ್ರ ಹೇಳಿದ, ಕೊಡು ಅನ್ನಲಿಲ್ಲ. ನಾನು ಸುಪೀರಿಯರ್‌ಗೆ ಹೇಳಿದೆ, ಅವರು ಅವರ ಮೇಲಿನ ಮುಖ್ಯಸ್ಥೆ ಪ್ರೊವಿನ್ಷಿಯಲ್‌ಗೆ ಹೇಳಿದ್ರು, ಕೌನ್ಸಿಲ್ ಕೂತು ಸ್ವಲ್ಪ ಕೊಟ್ರು. ಅಷ್ಟರಲ್ಲಿ ತಮ್ಮ ಗೂಡು ಮಾರಿದ ದುಡ್ಡು ಸಾಲದೆ ಸೊಸೈಟೀಲಿ ಸಾಲ ಎತ್ತಿದ್ದ. ನೋಡಕ್ಕೆ ಹೋದಾಗ ಅವ್ವ ಮಲಗಿದ್ದಲ್ಲಿಂದಲೇ, "ಅಷ್ಟೊರ್ಸ ದುಡುದ್ಯಲ್ಲವ್ವಾ, ಎಲ್ಲೋಯ್ತು ಅದೆಲ್ಲಾ?" ಅಂದ್ಲು. ಅಲ್ಲಿ ವಯಸ್ಸಾದ ಸಿಸ್ಟರ್‌ಗಳಿದಾರಲ್ಲ ಅವ್ವ, ಅವರಿಗೆಲ್ಲ ಆಗ್ಬೇಕಲ್ಲ ಅಂದೆ. "ನಾನೂ ವಯಸ್ಸಾದೋಳೇ ಕಣೆ" ಅಂದ್ಲು. ತಮ್ಮನ ಹೆಂಡ್ತಿ ಕಾಫಿ ತಂದ್ಲು, ಮಾತು ಬೇರೆ ಕಡೆ ಹೋಯ್ತು. ಈಗ ನಮ್ಮ ಸಭೇಲಿ ತಂದೆತಾಯಿ ಖಾಯಿಲೆಗೆ ಅಂತ ಒಂದು ಸಣ್ಣ ಫಂಡ್ ಮಾಡಿದಾರೆ, ಆಗ ಇರ್ಲಿಲ್ಲ.

ಆಸ್ತಿ ವಿಷಯ ಬೇರೆ, ಅದನ್ನೂ ತಪ್ಪು ತಿಳ್ಕೊಂಡಿರ್ತಾರೆ. ಕ್ರೈಸ್ತರಿಗೆ 1925ರ ವಾರಸಾ ಕಾನೂನಿನ ಪ್ರಕಾರ ಅಪ್ಪನ ಆಸ್ತೀಲಿ ಹೆಣ್ಣುಮಕ್ಕಳಿಗೂ ಸಮಪಾಲು, ಸಿಸ್ಟರ್ ಆದ್ರೆ ಆ ಪಾಲು ತಾನಾಗೇ ಕಾನ್ವೆಂಟಿಗೆ ಹೋಗಲ್ಲ. ಕೊನೇ ವ್ರತಕ್ಕೆ ಮುಂಚೆ ವಿಲ್ ಬರೀಬೇಕು, ಯಾರಿಗಾದ್ರೂ ಬರೀಬಹುದು. ನಾನು ತಮ್ಮನ ಮಕ್ಕಳಿಗೆ ಬರೆದೆ.

ಮತ್ತೆ ಬಿಟ್ಟು ಹೋದ್ರೆ? ಇದನ್ನ ಜನ ಮೆಲ್ಲಗೆ ಕೇಳ್ತಾರೆ. ಬಿಟ್ಟು ಹೋಗಬಹುದು, ಹೋದವರಿದಾರೆ. ಮಾಡಿದ ಕೆಲಸಕ್ಕೆ ಇಷ್ಟು ಕೊಡಿ ಅಂತ ಅವರು ಹಕ್ಕಿನಿಂದ ಕೇಳೋ ಹಾಗಿಲ್ಲ, ಆದ್ರೆ ಸಂಸ್ಥೆ ನ್ಯಾಯವಾಗಿ, ಪ್ರೀತಿಯಿಂದ ನೋಡ್ಕೋಬೇಕು ಅಂತ ಅದೇ ಚರ್ಚ್ ಕಾನೂನು ಹೇಳುತ್ತೆ. ಪ್ರೀತಿ ಅಂದ್ರೆ ಎಷ್ಟು ರೂಪಾಯಿ ಅಂತ ಬರೆದಿಲ್ಲ, ಅದು ಆಗ ಕುರ್ಚಿಲಿರೋರ ಮನಸ್ಸಿಗೆ ಬಿಟ್ಟಿದ್ದು. ಇಪ್ಪತ್ತು ವರ್ಷ ಪಾಠ ಮಾಡಿದೋಳು ಹೊರಗೆ ಕಾಲಿಟ್ಟ ದಿನ ಪಿಜಿ ಅಡ್ವಾನ್ಸ್ ಕಟ್ಟಕ್ಕಾದ್ರೂ ಕೈಲಿ ಇರ್ಬೇಕಲ್ವಾ. ವರ್ಷಕ್ಕಿಷ್ಟು ಅಂತ ಲೆಕ್ಕ ಮಾಡಿ ಮೊದಲೇ ಬರೆದಿಡಿ ಅಂತ ನಮ್ಮ ಚಾಪ್ಟರ್ ಮೀಟಿಂಗಲ್ಲಿ, ಅಂದ್ರೆ ನಮ್ಮ ಸಭೆ ವಿಷಯ ತೀರ್ಮಾನಿಸೋ ಮೀಟಿಂಗಲ್ಲಿ, ಹೇಳಿದೆ, ನೋಡೋಣ ಅಂದ್ರು. ಮುಂದಿನ ಮೀಟಿಂಗಲ್ಲೂ ಹೇಳ್ತೀನಿ.